ಆಮೇಲೆ ಹೇಳ್ತೀನಿ

ನನಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ನಾವೆಲ್ಲ ಕೈಸನ್ನೆಯಲ್ಲೇ ಹರಟುತ್ತಾ, ಜಗಳವಾಡುತ್ತಾ ಬೆಳೆದೆವು. ಶಾಲೆ ಮುಗಿದ ಮೇಲೆ ನಮ್ಮ ಮಿಸ್ ಇಂದಿರಾನಗರದ ಒಂದು ಬೇಕರಿಯಲ್ಲಿ ಕೆಲಸ ಕೊಡಿಸಿದರು. ಕೇಕಿಗೆ ಕ್ರೀಮ್ ಹಚ್ಚುವುದನ್ನು ಬೇಗ ಕಲಿತೆ.

ಅಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ ಊಟದ ಹೊತ್ತಿನಲ್ಲಿ ಅವರೆಲ್ಲ ಒಟ್ಟಿಗೆ ನಕ್ಕಾಗ, ಏನೆಂದು ನಾನು ಕೈಯಾಡಿಸಿ ಕೇಳಿದರೆ, ಪಕ್ಕದಲ್ಲಿ ಕೂರುವ ಅಕ್ಕ ಫೋನಿನಲ್ಲಿ ಬರೆದು ತೋರಿಸುತ್ತಿದ್ದರು: "ಏನಿಲ್ಲ ಬಿಡಮ್ಮ, ಆಮೇಲೆ ಹೇಳ್ತೀನಿ." ಆಮೇಲೆ ಅವರಿಗೆ ಮರೆತೇ ಹೋಗುತ್ತಿತ್ತು. ಕಾರಣ ತಿಳಿಯದೆಯೇ ನಾನೂ ನಗುವುದನ್ನು ರೂಢಿ ಮಾಡಿಕೊಂಡೆ.

ತಿಂಗಳಾದ ಮೇಲೆ ಮಿಸ್ ನೋಡಲು ಬಂದರು. "ಹೇಗಿದ್ದೀಯಾ?" ಎಂದು ಅವರು ಸನ್ನೆ ಮಾಡಿದ್ದೇ ತಡ, ನನ್ನ ಕೈಗಳು ನಿಲ್ಲಲೇ ಇಲ್ಲ; ಊಟದ ಹೊತ್ತಿನ ನಗು, ಎಂದೂ ಬಾರದ ಆ 'ಆಮೇಲೆ', ಎಲ್ಲ ಹೇಳಿಕೊಂಡೆ.

"ಹಾಗಾದ್ರೆ ಕೆಲಸ ಬೇಡ್ವಾ?"

"ಕೆಲಸ ಬೇಕು ಮಿಸ್. ಮಾತಾಡೋಕೆ ಯಾರಾದ್ರೂ ಬೇಕು."

ಮಿಸ್ ಅಂದು ಅಕ್ಕನಿಗೆ ಕೆಲವು ಸನ್ನೆ ಕಲಿಸಿದರು. ಟೀ, ನೀರು, ಬೇಗ, ಸಾಕು. ಅಕ್ಕ ಅಕ್ಕರೆಯಿಂದಲೇ ಕಲಿತರು. ಕೆಲಸಕ್ಕೆ ಅಷ್ಟೇ ಸಾಕಾಯಿತು, ಮುಂದೆ ಕಲಿಯಲಿಲ್ಲ.

ನಾನು ಈಗಲೂ ಅಲ್ಲೇ ಇದ್ದೇನೆ. ಭಾನುವಾರ ಸಂಜೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಶಾಲೆಯ ಗೆಳತಿಯರು ಸಿಗುತ್ತಾರೆ. ಅವರು ಬಸ್ಸು ಹತ್ತಿದ ಮೇಲೂ ಕಿಟಕಿಯ ಗಾಜಿನಾಚೆಯಿಂದ ಮಾತು ಮುಂದುವರಿಸುತ್ತಾರೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಉತ್ತರ ಕೊಡುತ್ತಲೇ ನಿಂತಿರುತ್ತೇನೆ.