ಗುರುಸಿದ್ದವ್ವ ಕಾಯ್ದ ಮೀನು

ಗುರುಸಿದ್ದವ್ವನ ಬಲಗೈ ಕಿರುಬೆರಳಿಗೆ ಉಗುರಿರಲಿಲ್ಲ. ಅದನ್ನು ಮೀನು ಕಚ್ಚಿಕೊಂಡು ಹೋಯಿತೆಂದರೆ ಓಣಿಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಮೀನಿನ ವಾಸನೆ ಬಂದರೆ ಕಿಟಕಿ ಮುಚ್ಚುವ ಮನೆಯವಳಿಗೆ ಇದೆಂಥ ಗಾಯ!

ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದೆ ಬಸಗೊಂಡಪ್ಪನವರ ವಾಡೆ. ಅವರ ತಮ್ಮನ ಕೈಹಿಡಿದು ಅವಳು ಬಿಜ್ಜರಗಿಯಿಂದ ಬಂದಾಗ ಹನ್ನೆರಡು ವರ್ಷ. ಹದಿನಾರಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ. ಬಿಜ್ಜರಗಿಯಲ್ಲಿ ಅಣ್ಣನಿದ್ದ, ಅಣ್ಣನ ಮನೆಯಲ್ಲಿ ಅತ್ತಿಗೆಯಿದ್ದಳು. ಹಾಗಾಗಿ ಗುರುಸಿದ್ದವ್ವ ಇಲ್ಲಿಯೇ ಉಳಿದಳು. ಅಂಗಳದ ಕಲ್ಲಿನ ತೊಟ್ಟಿಯ ಪಕ್ಕ ಅವಳಿಗೊಂದು ಕೋಣೆ ಕೊಟ್ಟರು. ಬೆಳಗಿನ ಬಿಸಿಲು ಅಂಗೈಯಗಲ ಒಳಗೆ ಬಂದು, ಗೋಡೆಯ ಮೇಲೆ ಸ್ವಲ್ಪ ಹೊತ್ತು ನಿಂತು ಹೋಗುವ ಕೋಣೆ. ಇಪ್ಪತ್ತು ವರ್ಷ ಅವಳು ತನ್ನದೆಂದುಕೊಂಡದ್ದು ಆ ಬಿಸಿಲೊಂದನ್ನೇ.

ನಲವತ್ತಮೂರನೆಯ ಇಸವಿಯಲ್ಲಿ ಓಣಿಯ ತುಂಬ ನಾರುಹುಣ್ಣು. ಜನರ ಕಾಲಿನಿಂದ ದಾರದಂಥ ಹುಳ ಇಳಿಯುತ್ತಿತ್ತು. ನಾಲ್ಕು ಮನೆಯವರು ಮೆಟ್ಟಿಲಿಳಿದು ನೀರು ತುಂಬುವ ಈ ತೊಟ್ಟಿಯೇ ಅದಕ್ಕೆ ಮೂಲವೆಂದು ಮುನಸಿಪಾಲಿಟಿಯವರು ಹೇಳಿದರು. ಮೀನು ಬಿಟ್ಟರೆ ಅವು ನೀರಿನ ಹುಳ ತಿನ್ನುತ್ತವೆ. ಮೀನು ಉಳಿಯದಿದ್ದರೆ ತೊಟ್ಟಿಯನ್ನೇ ಮುಚ್ಚಿಸುತ್ತೇವೆ ಎಂದರು. ಬೇಗಂ ತಲಾಬಿನಲ್ಲಿ ಮೀನು ಹಿಡಿಯುವ ಗೈಬುಸಾಬ ಕೊಡ ತುಂಬ ಬೆಳ್ಳಿಬಣ್ಣದ ಮರಿಗಳನ್ನು ತಂದು ಸುರಿದ. ಅವುಗಳ ನಡುವೆ ಗೇಣುದ್ದದ ಕರೀ ಮೀನೊಂದು ಸೇರಿಕೊಂಡಿತ್ತು. ತಲೆ ಹಾವಿನ ತಲೆಯಂತೆ ಚಪ್ಪಟೆ.

ಅದು ಮೂರನೆಯ ಮೆಟ್ಟಿಲ ಕೆಳಗಿನ ಸಂದನ್ನು ತನ್ನದಾಗಿ ಮಾಡಿಕೊಂಡಿತು. ಆ ಕಡೆ ಸುಳಿದ ಮೀನಿಗೆ ಬಾಲವಿಲ್ಲ. ದಿನವೂ ಒಂದೆರಡು ಹೊಟ್ಟೆ ಮೇಲಾಗಿ ತೇಲತೊಡಗಿದವು.

ಕೋಲು ಹಿಡಿದು ಅದನ್ನು ಗದರಿಸುವ ಕೆಲಸ ಗುರುಸಿದ್ದವ್ವನಿಗೆ ಬಂತು. ಹೊತ್ತು ಹುಟ್ಟಿದಾಗ ಮೆಟ್ಟಿಲ ಮೇಲೆ ಕುಳಿತರೆ ಹೊತ್ತು ಮುಳುಗುವವರೆಗೆ. ಒಂದು ಮೀನು ತೇಲಿದರೂ ಬಸಗೊಂಡಪ್ಪನವರ ಹೆಂಡತಿ, ನೆಗೆಣ್ಣಿ ಗೌರಾಬಾಯಿ ಪಡಸಾಲೆಯಿಂದಲೇ ಕೂಗುತ್ತಿದ್ದಳು.

"ಏ ಗುರುಸಿದ್ದಿ! ನಿನ್ನ ಮಗಾ ಮತ್ತೊಂದು ತಿಂದಾನ ನೋಡಬೇ! ಹಡೀಲಿಲ್ಲ ಅಂದ್ರೂ ಎಂಥಾ ಮಗನ್ನ ಸಾಕೀಯಲ್ಲ!"

ಮಕ್ಕಳಿಲ್ಲದ ಗುರುಸಿದ್ದವ್ವ ನೀರನ್ನೇ ನೋಡುತ್ತಿದ್ದಳು. ಆದರೂ ಓಣಿಯವರು ಕೊಡ ಇಳಿಸುವ ಮೊದಲು ಈಗ ಅವಳನ್ನು ಕೇಳುತ್ತಿದ್ದರು. "ಎಲ್ಲೈತ್ರಿ ಅದು? ಇಳೀಲೇನ್ರಿ?" ಇಪ್ಪತ್ತು ವರ್ಷದಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ಮೀನಿಗೆ ಬುದ್ಧಿ ಕಲಿಸುವ ದಾರಿಯನ್ನು ಬಸಗೊಂಡಪ್ಪನವರು ಹೇಳಿದರು. ತಮ್ಮನ ವಿಧವೆಯೊಡನೆ ಅವರು ನೇರ ಮಾತಾಡುತ್ತಿರಲಿಲ್ಲ. ಹೇಳುವುದನ್ನು ಕಂಬಕ್ಕೆ ಹೇಳುತ್ತಿದ್ದರು. "ಹೊಟ್ಟಿ ತುಂಬಿದ್ರ ಯಾರ್ಯಾಕ ಕಚ್ಚತಾರ? ರೊಟ್ಟಿ ಹಾಕಂತ ಹೇಳು. ನಮ್ಮ ಮನ್ಯಾಗ ಇದ್ದಮ್ಯಾಲ ನಮ್ಮ ರೂಢಿ ಕಲೀಬೇಕು."

ಗುರುಸಿದ್ದವ್ವ ಜೋಳದ ರೊಟ್ಟಿ ಮುರಿದು ಹಾಕಿದಳು. ಕಡಲೆಹಿಟ್ಟಿನ ಉಂಡೆ ಹಾಕಿದಳು. ಶ್ರಾವಣ ಸೋಮವಾರ ಹೋಳಿಗೆಯನ್ನೂ ಹಾಕಿದಳು. ಕರೀ ಮೀನು ಅವನ್ನು ಮೂಸಿಯೂ ನೋಡಲಿಲ್ಲ. ರೊಟ್ಟಿಗೆ ಮುತ್ತಿದ ಬಿಳಿ ಮೀನುಗಳನ್ನು ಆರಾಮಾಗಿ ಹಿಡಿದು ತಿಂದಿತು.

ಗೈಬುಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ಹುಲೀಗೆ ಹೋಳಿಗಿ ಹಾಕಿದಂಗಾತ್ರಿ! ಅದಕ್ಕ ಅಲ್ಲೊಂದು ಮನಿ ಆಗೇತಿ. ಕಲ್ಲು ಸರಸ್ರಿ, ಮನಿ ಗುರ್ತು ಸಿಗದ ಗಡಬಡಸ್ತೈತಿ."

ಸೊಂಟದವರೆಗೆ ನೀರಿಗಿಳಿದು ಅವಳು ಕಲ್ಲು ಸರಿಸಿದಳು. ಎರಡು ದಿನ ಅದು ಅತ್ತಿತ್ತ ಅಲೆಯಿತು. ಮೂರನೆಯ ದಿನ ಹೊಸ ಸಂದು ಹಿಡಿಯಿತು. ಆ ಸಂದಿನ ಕಲ್ಲಿಗೆ ಕೈಹಾಕಿದಾಗಲೇ ಅವಳ ಉಗುರು ಹೋದದ್ದು. ನೀರಿನಲ್ಲಿ ರಕ್ತ ಕುಂಕುಮ ಕದಡಿದಂತೆ ಹರಡಿತು. ಕುಂಕುಮ ಮುಟ್ಟದೆ ಬಹಳ ವರ್ಷವಾಗಿದ್ದ ಅವಳು ಅದನ್ನು ನೋಡುತ್ತ ನಿಂತಳು.

ಮರುದಿನ ಬುಟ್ಟಿ ಅಡ್ಡ ಹಿಡಿದು ಅದನ್ನು ಹಿಡಿದೇಬಿಟ್ಟಳು. ಮಣ್ಣಿನ ಹರವಿಗೆ ಹಾಕಿ, ತಟ್ಟೆ ಮುಚ್ಚಿ, ಮೇಲೊಂದು ಕಲ್ಲಿಟ್ಟಳು.

ಗೈಬುಸಾಬ ಸುದ್ದಿ ಕೇಳಿ ಬಂದ. "ಕೊಡ್ರಿ ಯವ್ವಾ, ತಲಾಬಕ್ಕ ಬಿಡ್ತೀನಿ."

"ಇಂವ ಬಿಡ್ತಾನ?" ಎಂದಳು ಗೌರಾಬಾಯಿ. "ಸಂಜೀಕ ಸಾರು ಮಾಡ್ತಾನ. ಆ ಪಾಪ ನಮಗ್ಯಾಕ?"

"ಮಾಡಿದ್ರ ಏನಾತ್ರಿ? ಕೊಂದ ಪಾಪ ತಿಂದು ಪರಿಹಾರ. ಹಿಂಗ ಕೊಳೀ ಹಾಕಬ್ಯಾಡ್ರಿ. ಅದು ಮ್ಯಾಲ ಬಂದು ಗಾಳಿ ಕುಡಿಯು ಜಾತಿ, ಲಗೂ ಸಾಯೂದಿಲ್ಲ."

ಬಸಗೊಂಡಪ್ಪನವರು ಕಂಬಕ್ಕೆ ಹೇಳಿದರು: "ನಮ್ಮ ಮನ್ಯಾಗ ಜೀವಾ ಕೊಲ್ಲೂದಿಲ್ಲ. ಹರವ್ಯಾಗ ಇರ್ಲಿ. ಸತ್ತರ ಅದರ ಆಯುಷ್ಯ."

ಯಾರೂ ನೀರು ಬದಲಿಸಲಿಲ್ಲ. ತಾನೊಬ್ಬಳು ಬದಲಿಸಬಹುದಿತ್ತು, ಅವಳೂ ಬದಲಿಸಲಿಲ್ಲ. ಬೆಳಿಗ್ಗೆ ತಟ್ಟೆ ಸರಿಸಿ ನೋಡುವಳು. ಕೆಟ್ಟ ನೀರಿನ ಮೇಲೆ ಕರೀ ಬಾಯಿ ತೆರೆದು ಮುಚ್ಚುತ್ತಿರುವುದು. ತನಗಿಂತ ಕೆಳಗಿನದು ಒಂದಾದರೂ ಈ ಮನೆಯಲ್ಲಿ ಸಿಕ್ಕಿತಲ್ಲ ಎಂಬಂತೆ ನೋಡಿ, ಮತ್ತೆ ಮುಚ್ಚಿ ಕಲ್ಲಿಡುವಳು. "ಇನ್ನೂ ಸತ್ತಿಲ್ಲೇನಬೇ?" ಎಂದು ಗೌರಾಬಾಯಿ ಕೇಳಿದರೆ, "ಇಲ್ಲಕ್ಕಾ" ಎನ್ನುವಳು.

ತೊಟ್ಟಿಯಲ್ಲಿ ಮರಿಗಳು ದಪ್ಪವಾದವು. ಮುನಸಿಪಾಲಿಟಿಯವನು ಬಂದು ನೋಡಿ ಹೊಗಳಿದ. ಸಿಗಬೇಕಾದ ಒಳ್ಳೆಯ ಮಾತಿಗಾಗಿ ಅವಳು ಬಾಗಿಲ ಮರೆಯಲ್ಲಿ ಕಾಯುತ್ತಿದ್ದಾಗ ಗೌರಾಬಾಯಿ ಹೇಳಿದಳು:

"ಇನ್ನ ತೊಟ್ಟಿ ಕಾಯೂದು ಮುಗೀತಲ್ಲ. ಬಬಲೇಶ್ವರದಿಂದ ನಮ್ಮ ತಂಗಿ ಮಗಳು ಬರಾಕತ್ತಾಳ, ಆ ಕೋಣಿ ಆಕೀಗೆ ಬೇಕು. ನೀ ಬಿಜ್ಜರಗಿಗೆ ಹೋಗಿ ಅಣ್ಣನ ಮನ್ಯಾಗ ಇರು. ಸೋಮವಾರ ಟಿಕೋಟದ ಕಡೆ ಗಾಡಿ ಹೊಂಟೈತಿ."

ತನ್ನ ಕೋಣೆಯನ್ನು ಇಷ್ಟು ದಿನ ಕಾಯ್ದದ್ದು ಆ ಕಚ್ಚುವ ಬಾಯಿಯೇ ಎಂದು ಗುರುಸಿದ್ದವ್ವನಿಗೆ ಆಗ ತಿಳಿಯಿತು.

ಶನಿವಾರ ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದಾಗ ಅವಳು ಹರವಿಯನ್ನು ಹೊತ್ತು ತಂದು ತೊಟ್ಟಿಗೆ ಬಗ್ಗಿಸಿದಳು. ಹನ್ನೊಂದು ದಿನ ಅದರೊಳಗೆ ಬಾಳಿದ ಮೀನು ತಲೆ ದೊಡ್ಡದಾಗಿ, ಮೈ ಬಾರುಕೋಲಿನಂತಾಗಿ ಕೆಳಗಿಳಿಯಿತು. "ಕಡಿಯಪ್ಪಾ" ಎಂದಳು, ದೇವರಿಗೆ ಹೇಳಿದ ಹಾಗೆ. "ಒಂದು ಎಂಟ ದಿನಾ ಕಡಿ."

ಅದು ಮೂರನೆಯ ಮೆಟ್ಟಿಲ ಸಂದಿಗೆ ಹೋಯಿತು. ಅಲ್ಲಿ ಬಿಳಿ ಮೀನುಗಳಿದ್ದವು. ಅವು ಸರಿಯಲಿಲ್ಲ. ಕರೀ ಮೀನು ಇನ್ನೊಂದು ಮೂಲೆಗೆ ಹೋಯಿತು. ಅವಳೇ ಸರಿಸಿದ್ದ ಕಲ್ಲುಗಳ ನಡುವೆ ಅದಕ್ಕೆ ದಾರಿ ತಿಳಿಯಲಿಲ್ಲ. ಒಂದು ಮರಿ ಬಂದು ಅದರ ಬಾಲವನ್ನು ಮೆಲ್ಲಗೆ ಎಳೆದು ನೋಡಿತು. ಅದು ತಿರುಗಿ ಕಚ್ಚಲಿಲ್ಲ. ಆಮೇಲೆ ಎರಡು ಬಂದವು, ಆಮೇಲೆ ಹತ್ತು.

ಭಾನುವಾರದ ಹೊತ್ತಿಗೆ ಅದಕ್ಕೆ ಬಾಲವಿರಲಿಲ್ಲ. ಸೋಮವಾರ ಒಂದು ಕಣ್ಣಿನ ಜಾಗದಲ್ಲಿ ಬಿಳಿ ಕುಳಿ. ಅದಿನ್ನೂ ಮೇಲೆ ಬಂದು ಗಾಳಿ ಕುಡಿಯುತ್ತಿತ್ತು. ಬಂದಾಗೆಲ್ಲ ಹಿಂಡು ಜೊತೆಗೇ ಬರುತ್ತಿತ್ತು.

ಗುರುಸಿದ್ದವ್ವ ಕೋಲು ಹಿಡಿದು ಕುಳಿತಿದ್ದಳು. ಇಷ್ಟು ದಿನ ಕಾಯ್ದ ಬಿಳಿ ಮೀನುಗಳನ್ನು ಅವಳು ಈಗ ಹೊಡೆದಟ್ಟುತ್ತಿದ್ದಳು. ಅವು ಚದುರಿ, ಕೋಲು ಎತ್ತಿದ ಕೂಡಲೇ ಮತ್ತೆ ಮುತ್ತುತ್ತಿದ್ದವು.

"ಅಯ್ಯ, ಅವನ್ಯಾಕ ಹೊಡಿಯಾಕತ್ತೀಬೇ?" ಗೌರಾಬಾಯಿ ಗಂಟನ್ನು ಹೊರಗೆ ತಂದಿಟ್ಟಳು. "ಪಾಪದ್ವು. ಯಾರ ಗೋಜಿಗೂ ಹೋಗಲಾರದ್ವು. ಏಳು, ಗಾಡಿ ಬಂದೈತಿ."

ಅವಳು ಕೋಲನ್ನು ಮೆಟ್ಟಿಲ ಮೇಲಿಟ್ಟು ಎದ್ದಳು. ಬೆಳಗಿನ ಬಿಸಿಲು ಆಗತಾನೇ ಕೋಣೆಯ ಗೋಡೆಗೆ ಬಂದಿತ್ತು. ಹಿಂದೆ ನೀರಿನಲ್ಲಿ ಪುಟಪುಟ ಸದ್ದಾಗುತ್ತಿತ್ತು, ಮಳೆ ಹನಿ ಬಿದ್ದಂತೆ.

ಅವಳು ಗಾಡಿ ಹತ್ತಿದ ಮೇಲೆ ಬಸಗೊಂಡಪ್ಪನವರು ಬಾಗಿಲಿಗೆ ಬಂದು, ಎತ್ತುಗಳ ಕಡೆ ಮುಖ ಮಾಡಿ ಹೇಳಿದರು:

"ಸಾವಕಾಶ ಹೊಡಿ ಅಂತ ಹೇಳು. ಜೀವಕ್ಕ ತ್ರಾಸ ಆಗಬಾರದು."