ಸತ್ತ ಮೇಲೆ ಸಿಕ್ಕ ಮನೆ

ನನ್ನ ಗಂಡ ಬಿಹಿ, ನಮ್ಮೂರಿನ ಮೇಲಿರುವ ಅಟ್ಲಾಸ್ ಬೆಟ್ಟದಲ್ಲಿ, ದೊಡ್ಡ ದೂರದರ್ಶಕ ಇರುವ ಕಡೆ ಅಡುಗೆ ಮಾಡುತ್ತಿದ್ದರು. ಆಕಾಶದ ಚಿತ್ರಗಳನ್ನು ಜಾಲಾಡಿ, ಸಿಡಿದು ಸತ್ತ ನಕ್ಷತ್ರಗಳನ್ನೂ ಅವು ಯಾವ ಗೆಲಾಕ್ಸಿಯವು ಎಂಬುದನ್ನೂ ಪಟ್ಟಿ ಮಾಡುವುದು ಅಲ್ಲಿನ ಪಂಡಿತರ ಕೆಲಸ.

ಸಾಯುವ ಹಿಂದಿನ ದಿನ ಬಿಹಿ ಆಲಿವ್ ಎಣ್ಣೆಯಲ್ಲಿ ರೊಟ್ಟಿ ಅದ್ದಿಕೊಂಡು ಹೇಳಿದರು: "ರಾತ್ರಿ ಒಂದು ಸಿಡೀತಂತೆ ಕಣೇ. ಅದರ ಗೆಲಾಕ್ಸಿ ಇಷ್ಟು ದಿನ ಯಾರ ಲೆಕ್ಕಕ್ಕೂ ಇರ್ಲಿಲ್ಲ. ಈಗ ಎಲ್ರೂ ಅದನ್ನೇ ನೋಡ್ತಾವ್ರೆ."

"ಅಂದ್ರೆ ಮನೇಲಿ ಒಂದು ಸಾವಾದ್ರೇನೇ ಇವರ ಕಣ್ಣಿಗೆ ಬೀಳೋದು. ನಿಮ್ಮ ಸಾಹೇಬ್ರು ಈ ಸಲಾನಾದ್ರೂ ನಮ್ಮನೆಗೆ ಚಾಕ್ಕೆ ಬರ್ತಾರೋ ಇಲ್ವೋ?"

"ಪಟ್ಟಿ ಮುಗೀಲಿ ಅಂದವ್ರೆ."

"ಆಕಾಶ ಮುಗಿಯೋದು ಯಾವಾಗ?"

ಬಿಹಿ ನಕ್ಕು, ನಾನು ಸುಟ್ಟ ರೊಟ್ಟಿಗಳ ಬುಟ್ಟಿಯನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಹೋದರು. ಪ್ರತಿ ವರ್ಷ ಆ ಪಂಡಿತರನ್ನು ಮನೆಗೆ ಕರೆಯುತ್ತಿದ್ದರು. ಒಬ್ಬರೂ ಬಂದವರಲ್ಲ. ಅದರಿಂದ ಬಿಹಿಗೆ ಊರಲ್ಲಿ ತಲೆ ಎತ್ತಲು ಆಗುತ್ತಿರಲಿಲ್ಲ.

ಮರುದಿನ ಬೆಟ್ಟದ ಏರಿನಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ತೀರಿಕೊಂಡ ಮೂರನೆಯ ದಿನ ಊರಿಗೆ ಹಾಕುವ ಕುಸ್ಕುಸ್ ಊಟಕ್ಕೆ ಪಂಡಿತರೆಲ್ಲ ಬಂದರು. ಕೋಟಿ ಕೋಟಿ ಮೈಲಿ ಆಚೆಯ ನಕ್ಷತ್ರದ ಮನೆ ಗುರುತಿಸುವವರು ನಮ್ಮೂರಿನ ಎರಡು ಓಣಿಗಳಲ್ಲಿ ದಾರಿ ತಪ್ಪಿದ್ದರು. ಅವರಲ್ಲಿ ಹಿರಿಯರಾದ ಅನ್ವರ್ ಸಾಹೇಬರು ರೊಟ್ಟಿ ಮುರಿದು ತಿಂದು, ನನ್ನ ಕಡೆ ತಿರುಗಿ, "ತಾಯೀ, ಇದು ಮೇಲೆ ನಮ್ಮಲ್ಲಿನ ರೊಟ್ಟಿ ಥರಾನೇ ಇದೆಯಲ್ಲ" ಎಂದರು.

"ಇಲ್ಲಿಂದ್ಲೇ ಬರ್ತಿತ್ತು ಸಾಹೇಬ್ರೇ. ಕೂತ್ಕೊಳ್ಳಿ, ಚಾ ಕುಡೀರಿ. ಬಿಹಿ ಕರೆದಿದ್ರು."

ಈಗಲೂ ಬೆಳಿಗ್ಗೆ ಎದ್ದು ಆ ಪಂಡಿತರಿಗೆ ರೊಟ್ಟಿ ಸುಡುತ್ತೇನೆ. ಮೇಲಕ್ಕೆ ಮಾತ್ರ ಕಳಿಸುವುದಿಲ್ಲ. ಬೇಕಾದವರು ನಮ್ಮ ಮನೆಗೆ ಬಂದು, ಕೂತು ಚಾ ಕುಡಿದು ಒಯ್ಯಬೇಕು.