ಕಾಳಕ್ಕನ ನಾಯಿ ಬೊಗಳುತ್ತಿದ್ದ ಕಾಲ

ಐಮಂಗಲದ ಹತ್ತಿರ ಹೆದ್ದಾರಿ ದಾಟುವಾಗ ಕುರಿಹಿಂಡಿನ ಮೇಲೆ ಲಾರಿ ನುಗ್ಗಿ ಕರಿಸಿದ್ದಪ್ಪ ತೀರಿಕೊಂಡ ದಿನ, ಮನೆಗೆ ಮೊದಲು ಬಂದದ್ದು ಅವನ ನಾಯಿ ಕೆಂಚ. ಹಿಂಡಿನ ಹಿಂದೆ ನಡೆಯುವ ನಾಯಿ ಒಂದೇ ಬಂತಲ್ಲ ಎಂದು ಹೆಂಡತಿ ಕಾಳಕ್ಕ ಪೊರಕೆ ಹಿಡಿದು ಅಂಗಳದಲ್ಲೇ ನಿಂತಳು. ಊರವರು ಬಂದು ಹೇಳುವ ಹೊತ್ತಿಗೆ ಅವಳು ಅಂಗಳ ಗುಡಿಸಿ ಮುಗಿಸಿದ್ದಳು.

ಮಣ್ಣಾಯಿತು, ತಿಥಿಯೂ ಆಯಿತು. ಉಳಿದ ಕುರಿಗಳನ್ನು ಮೈದುನ ತನ್ನ ಹಿಂಡಿಗೆ ಸೇರಿಸಿಕೊಂಡ. ಕಾಳಕ್ಕ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಮಗಳು ಸುಮಾ ಚಿಕ್ಕಜಾಜೂರಿನ ತನ್ನ ಮನೆಗೆ ಹೊರಡು ಅಂದಳು, ಕಾಳಕ್ಕ ಹೊರಟಳು. ಕೆಂಚನೂ ಸಾಮಾನಿನ ಆಟೋದಲ್ಲಿ ಗಂಟುಮೂಟೆಗಳ ನಡುವೆ ಕೂತು ಬಂದ.

ಸುಮಾಳ ಗಂಡನಿಗೆ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ. ಮನೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಇತ್ತು. ದಿನವಿಡೀ ಬಯಲಿನಲ್ಲಿ ಅಲೆದಿದ್ದ ನಾಯಿಯನ್ನು ಗೇಟಿನ ಕಂಬಕ್ಕೆ ಕಟ್ಟಿದರು. ಅಂದೇ ಬೊಗಳಲು ಶುರು. ರೈಲು ಇಳಿದವರು ಬಂದರೆ ಬೊಗಳು, ಶಾಲೆ ಬಿಟ್ಟರೆ ಬೊಗಳು, ಹಾಲಿನವನು ಬಂದರೆ ಬೊಗಳು, ಯಾರೂ ಬರದಿದ್ದರೂ ಬೊಗಳು. ಪಕ್ಕದಲ್ಲೇ ಕೂತ ಕಾಳಕ್ಕನಿಗೆ ಅದು ದೂರದ ಯಾವುದೋ ಊರಿನ ಸದ್ದಿನಂತೆ ಕೇಳಿಸುತ್ತಿತ್ತು.

ಪಕ್ಕದ ಮನೆಯ ಶೋಭಾರಾಣಿ ಒಂದು ವಾರ ತಡೆದುಕೊಂಡು, ಆಮೇಲೆ ಕಾಂಪೌಂಡಿಗೆ ಬಂದಳು.

"ಸುಮಾ, ನಮ್ಮ ಯಜಮಾನ್ರು ರಾತ್ರಿ ಡ್ಯೂಟಿ ಮುಗಿಸ್ಕಂಡು ಬಂದು ಮಲಗ್ತಾರೆ. ಕಣ್ಣು ಮುಚ್ಚಾಕೆ ಬಿಡಲ್ಲ ಇದು. ಏನಾದ್ರೂ ಮಾಡ್ರಿ."

ಸುಮಾ ಒಳಗಿನಿಂದಲೇ ಗದರಿಸಿದಳು. ಕೆಂಚ ಇನ್ನೂ ಜೋರು ಮಾಡಿದ. ಅಳಿಯ ಕೋಲು ತೋರಿಸಿದ. ನಾಯಿ ಕೋಲಿಗೂ ಬೊಗಳಿತು. ಒಂದು ದಿನ ಹಗ್ಗದಿಂದ ಬಾಯಿ ಕಟ್ಟಿದರು. ಆಗ ಗಂಟಲೊಳಗೇ ಗುರುಗುಟ್ಟುತ್ತಾ ಮೂತಿಯನ್ನು ನೆಲಕ್ಕೆ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿತು. ಕಾಳಕ್ಕ ಎದ್ದುಹೋಗಿ ಹಗ್ಗ ಬಿಚ್ಚಿ ಬಂದು ಮತ್ತೆ ಕೂತಳು.

ಗಾಯಕ್ಕೆ ಔಷಧಿ ಹಾಕಿಸಲು ಸುಮಾ ನಾಯಿಯನ್ನೂ ಅವ್ವನನ್ನೂ ದನದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ದೇವಿಕಾ ನಾಯಿಯ ಕಿವಿ, ಹಲ್ಲು, ಹೊಟ್ಟೆ ಎಲ್ಲ ಮುಟ್ಟಿ ನೋಡಿದರು.

"ಬಾಯಿ ಕಟ್ಟಬ್ಯಾಡ್ರಿ. ಕಾಯಿಲೆ ಏನೂ ಇಲ್ಲ ಇದಕ್ಕೆ. ಮೊದ್ಲು ಏನ್ ಕೆಲ್ಸ ಮಾಡ್ತಿತ್ತು?"

"ಕುರಿ ಹಿಂದೆ ಹೋಗ್ತಿತ್ತು ಮೇಡಮ್," ಅಂದಳು ಸುಮಾ.

"ಈಗ ಕೆಲ್ಸ ಇಲ್ಲ, ಕಟ್ಟಿ ಹಾಕೀರಿ, ಕಣ್ಮುಂದೆ ಜನ ಓಡಾಡ್ತಾರೆ. ಇನ್ನೇನ್ ಮಾಡ್ತೈತೆ? ನೀವು ಕೂಗಿದ್ರೆ, ಇವರೂ ನನ್ ಜತೆ ಬೊಗಳ್ತಾರೆ ಅಂದ್ಕಂತೈತೆ. ಗೇಟಿಂದ ಬಿಚ್ಚಿ, ರೋಡು ಕಾಣದಂಗೆ ಹಿತ್ತಲಾಗೆ ಬಿಡ್ರಿ. ಬೆಳಿಗ್ಗೆ ಚೆನ್ನಾಗಿ ನಡೆಸ್ರಿ. ಸುಮ್ನಿದ್ದಾಗ ಕರೆದು ಒಂದು ತುತ್ತು ಕೊಡ್ರಿ, ಬೊಗಳೋವಾಗ ಕೊಡಬ್ಯಾಡ್ರಿ."

ಸುಮಾಳಿಗೆ ಮನೆಗೆಲಸ, ಅಳಿಯನಿಗೆ ಹಳಿ. ನಾಯಿಯ ಕೆಲಸ ಕಾಳಕ್ಕನಿಗೆ ಬಂತು. ಹೇಳಿದ್ದನ್ನು ಹೇಳಿದಂತೆ ಮಾಡಿದಳು. ಹಿತ್ತಲಿನ ಬೇಲಿಗೆ ಗೋಣಿಚೀಲ ಕಟ್ಟಿದಳು. ಸೆರಗಿನಲ್ಲಿ ರೊಟ್ಟಿ ಚೂರು ಇಟ್ಟುಕೊಂಡು ಕೂತಳು. ನಾಯಿ ಬೊಗಳಿದರೆ ಮುಖ ತಿರುಗಿಸುವಳು, ಸುಮ್ಮನಾದರೆ ಒಂದು ಚೂರು. ಬೇಸರವೂ ಇಲ್ಲ, ಆಸೆಯೂ ಇಲ್ಲ. ಮೊದಮೊದಲು ಕೆಂಚ ಮೊದಲಿಗಿಂತಲೂ ಹೆಚ್ಚು ಬೊಗಳಿದ. ಸುಮಾ ತಲೆ ಚಚ್ಚಿಕೊಂಡಳು. ಕಾಳಕ್ಕನಿಗೆ ಸೋತೆ ಅಂತಲೂ ಅನ್ನಿಸಲಿಲ್ಲ, ಬಿಡದೆ ಕೂತೇ ಇದ್ದಳು. ಬರಬರುತ್ತಾ ಹಾಲಿನವನಿಗೆ ಬೊಗಳುವುದು ನಿಂತಿತು. ಮಧ್ಯಾಹ್ನ ಕೆಂಚ ಗೋಣಿಚೀಲದ ನೆರಳಲ್ಲಿ ಮಲಗತೊಡಗಿದ.

ಬೆಳಿಗ್ಗೆ ಹಳಿಯ ಆಚೆ ಬಯಲಿಗೆ ನಡೆಸಿಕೊಂಡು ಹೋಗುತ್ತಿದ್ದಳು. ಒಂದು ದಿನ ಅಲ್ಲಿ ಹಿಂಡೊಂದು ಮೇಯುತ್ತಿತ್ತು. ಕೆಂಚ ಕಿವಿ ನಿಗುರಿಸಿ ನಿಂತ, ಬೊಗಳಲಿಲ್ಲ. ಹಗ್ಗ ಬಿಗಿಯಾಯಿತು. ಕಾಳಕ್ಕ ಕೈ ಸಡಿಲಿಸಿದಳೋ, ಅದೇ ಜಾರಿತೋ, ಹಗ್ಗ ಎಳೆದುಕೊಂಡೇ ಓಡಿದ. ಹೊಲದ ಕಡೆಗೆ ತಿರುಗಿದ್ದ ಕುರಿಗಳನ್ನು ಬಳಸಿ ಬಂದು ಹಿಂಡಿಗೆ ಕೂಡಿಸಿದ.

ಕುರಿಯ ಯಜಮಾನ ಪಾಲಣ್ಣ ನೋಡುತ್ತಾ ನಿಂತಿದ್ದ.

"ಯಾರ ನಾಯಿ ಅಕ್ಕ ಇದು? ಕಲ್ತಿರೋ ನಾಯಿ."

"ನಮ್ಮನೆಯೋರದು," ಅಂದಳು ಕಾಳಕ್ಕ.

"ಅವ್ರೆಲ್ಲಿ?"

"ಇಲ್ಲ."

ಪಾಲಣ್ಣ ಹಿಂಡಿನ ಕಡೆ ತಿರುಗಿದ. "ಹಿಂದುಗಡೆ ನೋಡ್ಕಣಾಕೆ ನಂಗೂ ಜನ ಇಲ್ಲ. ನಾಳೇನೂ ಬರ್ರಿ," ಅಂದ.

ಕಾಳಕ್ಕ ಮಾರನೆಯ ದಿನವೂ ಹೋದಳು, ಅದರ ಮಾರನೆಯ ದಿನವೂ. ಹಿಂಡಿನ ಹಿಂದೆ ಕೆಂಚ, ಕೆಂಚನ ಹಿಂದೆ ಅವಳು. ಸಂಜೆ ಮನೆಗೆ ಬಂದ ನಾಯಿಗೆ ಬೊಗಳಲು ಶಕ್ತಿ ಉಳಿಯುತ್ತಿರಲಿಲ್ಲ. ಗೂಡ್ಸ್ ರೈಲು ಕೂಗಿದರೆ ಮಾತ್ರ ಈಗಲೂ ಎರಡು ಸಲ ಬೊಗಳಿ ತಲೆ ಇಡುತ್ತದೆ. ಅಷ್ಟಕ್ಕೆ ಶೋಭಾರಾಣಿಯದೂ ತಕರಾರಿಲ್ಲ.

ನಡೆದು ನಡೆದು ಕಾಳಕ್ಕನ ಹಿಮ್ಮಡಿ ಒಡೆದಿತ್ತು. ಮೊನ್ನೆ ಸಂಜೆ ಸುಮಾ ಬಿಸಿನೀರು ತಂದು ಅವ್ವನ ಕಾಲಿಗೆ ಸುರಿದಳು.

"ಸುಡ್ತೈತೆ ಕಣೇ," ಅಂದು ಕಾಳಕ್ಕ ಕಾಲು ಹಿಂದಕ್ಕೆಳೆದುಕೊಂಡಳು.

ಎಷ್ಟೋ ದಿನಗಳ ಮೇಲೆ ಅವ್ವ ತಾನಾಗಿ ಆಡಿದ ಮಾತು ಅದು. ಸುಮಾ ಚೊಂಬು ಹಿಡಿದು ಅವ್ವನ ಮುಖ ನೋಡಿದಳು, ಆಮೇಲೆ ತಣ್ಣೀರು ಬೆರೆಸಲು ಒಳಗೆ ಹೋದಳು.